ಡಯಾಲಿಸಿಸ್ ಫಿಲ್ಟರ್ ರಕ್ತವನ್ನು ಹೇಗೆ ಶುದ್ಧ ಮಾಡುತ್ತದೆ? ಅದಕ್ಕೆ ನಾಲ್ಕು ಗಂಟೆ ಏಕೆ ಬೇಕು?

ನಿಮ್ಮ ತಂದೆಯವರಿಗೆ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ನಡೆಯುತ್ತಿದೆ ಎಂದು ತಿಳಿಸಿ, ಯಂತ್ರಕ್ಕೆ ಸಿಕ್ಕಿಸಿರುವ ಆ ಕೆಂಪು ಕೊಳವೆ ರಕ್ತವನ್ನು ಜರಡಿ ಹಿಡಿಯುವುದಾದರೆ ಎರಡು ಗಂಟೆಯಲ್ಲೇ ಏಕೆ ಮುಗಿಸಬಾರದು ಎಂದು ಕೇಳಿದ್ದೀರಿ. ಡಯಾಲಿಸಿಸ್ ತಂತ್ರಜ್ಞನಾದ ನನ್ನನ್ನು ರೋಗಿಗಳ ಮನೆಯವರು ಆಗಾಗ ಇದೇ ಪ್ರಶ್ನೆ ಕೇಳುತ್ತಾರೆ. ಜರಡಿ ಎಂಬ ಹೋಲಿಕೆ ಅರ್ಧ ಮಾತ್ರ ನಿಜ. ನಿಮಗೆ ಬೇಕಾದ ಉತ್ತರ ಉಳಿದರ್ಧದಲ್ಲಿದೆ.

ಆ ಕೊಳವೆಗೆ ಡಯಾಲೈಸರ್ ಎನ್ನುತ್ತಾರೆ. ಸುಮಾರು ಒಂದು ಅಡಿ ಉದ್ದದ ಪ್ಲಾಸ್ಟಿಕ್ ಕವಚದೊಳಗೆ, ಒಳಗೆ ಟೊಳ್ಳಾದ ಹತ್ತು ಸಾವಿರದಷ್ಟು ಎಳೆಗಳನ್ನು ಒತ್ತಾಗಿ ಜೋಡಿಸಿರುತ್ತಾರೆ. ಒಂದೊಂದು ಎಳೆಯ ಒಳವ್ಯಾಸ ಸುಮಾರು 0.2 ಮಿಲಿಮೀಟರ್. ರಕ್ತ ಈ ಎಳೆಗಳ ಒಳಗೆ ಹರಿಯುತ್ತದೆ, ಡಯಾಲೈಸೇಟ್ ಎಂಬ ದ್ರವ ಎಳೆಗಳ ಹೊರಗೆ ಹರಿಯುತ್ತದೆ. ಎರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಎಳೆಯ ಗೋಡೆಯಲ್ಲಿರುವ ಸೂಕ್ಷ್ಮ ರಂಧ್ರಗಳಲ್ಲಿ ಯೂರಿಯಾ, ಕ್ರಿಯಾಟಿನಿನ್‌ನಂಥ ಕಶ್ಮಲದ ಸಣ್ಣ ಅಣುಗಳು ನುಸುಳಬಲ್ಲವು, ರಕ್ತಕಣಗಳು ನುಸುಳಲಾರವು, ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನೂ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಜರಡಿಯ ಕೆಲಸ ಇಷ್ಟೇ.

ಆದರೆ ಯಾವುದು ಕಶ್ಮಲ, ಯಾವುದು ದೇಹಕ್ಕೆ ಬೇಕಾದದ್ದು ಎಂಬುದು ರಂಧ್ರಕ್ಕೆ ತಿಳಿಯದು. ಸೋಡಿಯಂ, ಸಕ್ಕರೆ ಕೂಡ ಅದೇ ದಾರಿಯಲ್ಲಿ ಹೋಗಬಲ್ಲವು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ಅಡುಗೆಗೆ ಮೊದಲು ನೀರಿನಲ್ಲಿ ನೆನೆಸಿಡುವುದನ್ನು ನೀವು ನೋಡಿರಬಹುದು. ಸೊಳೆಯ ಉಪ್ಪನ್ನು ಯಾರೂ ಹಿಂಡಿ ತೆಗೆಯುವುದಿಲ್ಲ. ಅದು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿ ಹೋಗುತ್ತದೆ, ನೀರೂ ಉಪ್ಪಾದ ಮೇಲೆ ನಿಲ್ಲುತ್ತದೆ, ನೀರು ಬದಲಿಸಿದರೆ ಮತ್ತೆ ಹೊರಡುತ್ತದೆ. ಡಯಾಲೈಸರ್‌ನಲ್ಲಿ ನಡೆಯುವುದೂ ಇದೇ. ದ್ರವದಲ್ಲಿ ಯೂರಿಯಾ ಇರುವುದೇ ಇಲ್ಲ, ಆದ್ದರಿಂದ ರಕ್ತದ ಯೂರಿಯಾ ಹೊರಗೆ ಬರುತ್ತದೆ. ಸೋಡಿಯಂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇರುವುದರಿಂದ ಅದು ವಿಪರೀತ ಸೋರಿಹೋಗುವುದಿಲ್ಲ. ಪೊಟ್ಯಾಸಿಯಂ ಕಡಿಮೆ ಇಟ್ಟಿರುವುದರಿಂದ ಅದು ಹೊರಬರುತ್ತದೆ. ಬೈಕಾರ್ಬೊನೇಟ್ ಹೆಚ್ಚಿಟ್ಟಿರುವುದರಿಂದ ಅದು ರಕ್ತಕ್ಕೆ ಸೇರಿ ಆಮ್ಲೀಯತೆಯನ್ನು ತಗ್ಗಿಸುತ್ತದೆ. ರಕ್ತ ಒಂದು ದಿಕ್ಕಿಗೆ, ದ್ರವ ಅದಕ್ಕೆ ಎದುರು ದಿಕ್ಕಿಗೆ ಹರಿಯುವಂತೆ ಕೊಳವೆ ಜೋಡಿಸುವುದು ಕೂಡ ಎಳೆಯ ಉದ್ದಕ್ಕೂ ಈ ಹೆಚ್ಚು-ಕಡಿಮೆಯ ವ್ಯತ್ಯಾಸ ಉಳಿಯಲೆಂದೇ. ದ್ರವ ನಿಮಿಷಕ್ಕೆ 500 ಮಿಲಿಲೀಟರ್ ಹರಿದರೆ ನಾಲ್ಕು ಗಂಟೆಗೆ 120 ಲೀಟರ್ ಆಗುತ್ತದೆ, ಅಷ್ಟು ನೀರು ತೆಳುಗೋಡೆಯೊಂದರ ಆಚೆ ರಕ್ತದ ಪಕ್ಕದಲ್ಲೇ ಹರಿಯುತ್ತದೆ. ಆಸ್ಪತ್ರೆಯ ಆರ್‌ಒ ಘಟಕದ ನೀರಿನ ಬಗ್ಗೆ ನಾವು ಅಷ್ಟೊಂದು ಎಚ್ಚರ ವಹಿಸುವುದು ಇದೇ ಕಾರಣಕ್ಕೆ.

1943ರಲ್ಲಿ, ಜರ್ಮನರ ವಶದಲ್ಲಿದ್ದ ನೆದರ್‌ಲ್ಯಾಂಡ್ಸ್‌ನಲ್ಲಿ, ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಸಾಸೇಜ್ ತುಂಬುವ ಸೆಲ್ಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ದ್ರವದ ತೊಟ್ಟಿಯಲ್ಲಿ ತಿರುಗಿಸಿದಾಗಲೂ ನೆಚ್ಚಿಕೊಂಡದ್ದು ಇದೇ ತತ್ತ್ವವನ್ನು. ಅವರ ಮೊದಲ ರೋಗಿಗಳಲ್ಲಿ ಬಹುತೇಕರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿದರು. ಅಂಥ ಸಾಧನದಿಂದ ಆರಂಭವಾದ ಚಿಕಿತ್ಸೆ ಇಂದು ನಿಮ್ಮ ತಂದೆಯವರ ಹಾಸಿಗೆಯ ಪಕ್ಕಕ್ಕೆ ಬಂದಿದೆ ಎಂಬುದನ್ನು ನೆನೆದಾಗ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ.

ಇನ್ನು ಸಮಯದ ಮಾತು. ನಿಮಿಷಕ್ಕೆ 300 ಮಿಲಿಲೀಟರ್‌ನಂತೆ ಹರಿದರೆ ನಾಲ್ಕು ಗಂಟೆಯಲ್ಲಿ 72 ಲೀಟರ್ ರಕ್ತ ಫಿಲ್ಟರ್ ದಾಟುತ್ತದೆ, ಅಂದರೆ ದೇಹದ ಸುಮಾರು ಐದು ಲೀಟರ್ ರಕ್ತ ಹದಿನಾಲ್ಕು ಸಲ ಸುತ್ತಿದಂತೆ. ಇಷ್ಟು ಸಲ ಏಕೆಂದರೆ ಯೂರಿಯಾ ಇರುವುದು ರಕ್ತದಲ್ಲಿ ಮಾತ್ರವಲ್ಲ, ಜೀವಕೋಶಗಳ ಒಳಗಿನ ನೀರಿನಲ್ಲೂ ಅದು ಹರಡಿರುತ್ತದೆ. ರಕ್ತ ಶುದ್ಧವಾದಂತೆ ಅದು ಕೋಶಗಳಿಂದ ರಕ್ತಕ್ಕೆ ಇಳಿದು ಬರಬೇಕು, ಆಮೇಲಷ್ಟೇ ಫಿಲ್ಟರ್‌ಗೆ ಸಿಗುತ್ತದೆ. ರಂಜಕವಂತೂ, ಅಂದರೆ ಫಾಸ್ಫೇಟ್, ಇನ್ನೂ ನಿಧಾನ. ಎರಡು ಡಯಾಲಿಸಿಸ್‌ಗಳ ನಡುವೆ ಸೇರಿಕೊಂಡ ನೀರನ್ನೂ ಯಂತ್ರ ಒತ್ತಡದ ವ್ಯತ್ಯಾಸದಿಂದ ಅದೇ ಎಳೆಗಳ ಮೂಲಕ ತೆಗೆಯುತ್ತದೆ. ಎರಡೂವರೆ ಲೀಟರ್ ನೀರನ್ನು ಎರಡೇ ಗಂಟೆಯಲ್ಲಿ ಎಳೆದರೆ, ಅಂಗಾಂಶಗಳಿಂದ ನೀರು ರಕ್ತನಾಳಕ್ಕೆ ಬರುವ ಮೊದಲೇ ರಕ್ತನಾಳ ಬರಿದಾಗಿ ಬಿಪಿ ಕುಸಿಯುತ್ತದೆ, ಕಾಲುಗಳ ಸ್ನಾಯು ಸೆಡೆತುಕೊಳ್ಳುತ್ತದೆ.

ಆದ್ದರಿಂದ ಮೂರನೆಯ ಗಂಟೆಗೆ ತಂದೆಯವರು ಸಾಕು, ಸೂಜಿ ತೆಗೆಯಿರಿ ಎಂದರೆ ದಯವಿಟ್ಟು ಅವರ ಪರವಾಗಿ ನಮ್ಮನ್ನು ಒತ್ತಾಯಿಸಬೇಡಿ. ಅವರಿಗೆ ಏನು ತೊಂದರೆಯಾಗುತ್ತಿದೆ ಎಂದು ಕೇಳಿ ವೈದ್ಯರಿಗೆ ಹೇಳಿ. ನೀರು ತೆಗೆಯುವ ವೇಗವನ್ನೋ ಡ್ರೈ ವೇಟ್, ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕದ ಲೆಕ್ಕವನ್ನೋ ಅವರು ಸರಿಪಡಿಸಬಹುದು.