ಗದ್ದೆಗೆ ಬಿಟ್ಟ ನೀರು ಎಲ್ಲಿ ಹೋಗುತ್ತದೆ?

ಬಸವನಗುಡಿಯ ಓದುಗರಿಗೆ ನಮಸ್ಕಾರ.

"ನಾವಿಲ್ಲಿ ಟ್ಯಾಂಕರ್‌ಗೆ ದುಡ್ಡು ಸುರಿಯುತ್ತಿದ್ದೇವೆ, ಮಂಡ್ಯದ ಗದ್ದೆಗಳಲ್ಲಿ ಕಾವೇರಿ ನೀರು ಸುಮ್ನೆ ಪೋಲಾಗುತ್ತಿದೆ. ಹನಿ ನೀರಾವರಿ ಕಡ್ಡಾಯ ಮಾಡಿದರೆ ಆಯಿತಲ್ಲ? ಬೇಸಿಗೆ ಭತ್ತವನ್ನಂತೂ ನಿಲ್ಲಿಸಲೇಬೇಕು" ಎಂದು ಬರೆದಿದ್ದೀರಿ.

ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ 'ಪೋಲು' ಎಂಬ ಮಾತನ್ನು ನಾನು ಅಷ್ಟು ಸುಲಭಕ್ಕೆ ಒಪ್ಪಲಾರೆ.

ಗದ್ದೆಗೆ ಬಿಟ್ಟ ನೀರಿನಲ್ಲಿ ಒಂದಷ್ಟು ಪೈರಿನಿಂದ, ನಿಂತ ನೀರಿನಿಂದ ಆವಿಯಾಗುತ್ತದೆ. ಅದು ಹೋಯಿತು. ಉಳಿದದ್ದು ಬಸಿನೀರು. ಕೆಳಗಿನ ಗದ್ದೆಗೆ, ಬಾವಿಗೆ, ಕೆರೆಗೆ ಇಳಿದು, ಕೊನೆಗೆ ಒಂದಿಷ್ಟು ಶಿಂಷೆಗೋ ಕಾವೇರಿಗೋ ಸೇರುತ್ತದೆ. ಹನಿ ನೀರಾವರಿ ಬಹುಪಾಲು ಉಳಿಸುವುದು ಈ ಬಸಿನೀರನ್ನೇ. ಆ ಉಳಿಕೆಯಲ್ಲಿ ರೈತ ಇನ್ನೊಂದು ಎಕರೆ ಕಬ್ಬು ಹಾಕಿದರೆ ಆವಿಯಾಗುವುದು ಜಾಸ್ತಿ, ಹೊಳೆಗೆ ವಾಪಸ್ ಬರುವುದು ಕಡಿಮೆ. ನಿಮ್ಮ ನಲ್ಲಿಗೆ ಏನು ಬಂತು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿದ್ದೀರಾ? ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮರದ ಬುಡದಲ್ಲಿ ಜನ ಗುಂಡಿ ತೋಡಿ ಕೆರೆಗೋಡು, ಅಂದರೆ ಕೆರೆಯ ಹೂಳು, ತುಂಬುತ್ತಿದ್ದರು. ಮೇಲಿಂದ ಬಿದ್ದ ಹಿಕ್ಕೆ ಅದರಲ್ಲಿ ಕಲೆತು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಆ ಹಕ್ಕಿಗಳಿಗೆ ಮೀನು ಸಿಗುವುದು ಬಸಿನೀರು ಸೇರುವ ಸುತ್ತಲಿನ ಕೆರೆಗಳಲ್ಲಿ, ಶಿಂಷೆಯಲ್ಲಿ. ನೀರು ಇಂಗದಂತೆ ನಾಲೆಗೆ ಕಾಂಕ್ರೀಟ್ ಹಾಕಿ ಉಳಿಸಿದ್ದನ್ನು ಟಿಎಂಸಿಯಲ್ಲಿ ಬರೆದಿಡುತ್ತೇವೆ. ಬತ್ತಿದ ಬಾವಿ, ಹೆಜ್ಜಾರ್ಲೆ ಮರಿಯ ಬಾಯಿಗೆ ತಪ್ಪಿದ ಮೀನು ಅದೇ ಪುಸ್ತಕದಲ್ಲಿ ಇರಬೇಕು ಅಲ್ವಾ? ಕಣಿವೆಯ ನೀರಿನ ಲೆಕ್ಕ ಎಂದರೆ ನನಗೆ ಅದು.

ಹೀಗೆ ನೆಲದಿಂದ ಹೊಳೆಗೆ ಜಿನುಗುವ ಒಸರು ನಿಂತರೆ ಏನಾಗುತ್ತದೆ ಎಂದು ನೋಡಲು ಮಂಡ್ಯದವರೆಗೂ ಹೋಗಬೇಕಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ ಅರ್ಕಾವತಿಯ ನೀರನ್ನು ಬೆಂಗಳೂರಿಗೆ ತಂದರು. ಆಮೇಲೆ ಜಲಾನಯನದ ತುಂಬ ಬೋರ್‌ವೆಲ್ ಬಂದವು, ನೀಲಗಿರಿ ತೋಪು ಎದ್ದವು. ಅಂತರ್ಜಲ ಪಾತಾಳಕ್ಕಿಳಿಯಿತು. ಹೊಳೆಗೆ ಒಸರು ಎಲ್ಲಿಂದ ಬರಬೇಕು? ಹೊಸದಾಗಿ ನೀಲಗಿರಿ ನೆಡಬಾರದು ಎಂದು ಸರ್ಕಾರ ಹೇಳುವಾಗ 2017 ಬಂದಿತ್ತು.

ಬೇಸಿಗೆ ಭತ್ತದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಪೂರ್ತಿ ಸರಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸುಮಾರು 4 ಸಾವಿರ ಲೀಟರ್. ಏಪ್ರಿಲ್ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ 20 ಸಾವಿರ ಲೀಟರ್ ಆಯಿತು. ನಿಮ್ಮ ಬೀದಿಗೆ ಬರುವ 6 ಸಾವಿರ ಲೀಟರಿನ ಟ್ಯಾಂಕರ್ ಮೂರು ತುಂಬಿಯೂ ಮಿಗುತ್ತದೆ. ಅದೂ ಒಂದೇ ದಿನಕ್ಕೆ, ಒಂದೇ ಎಕರೆಯಿಂದ. ಈ ನೀರು ಕೆರೆಗೂ ಇಲ್ಲ, ಹಕ್ಕಿಗೂ ಇಲ್ಲ. ರೈತ ಇದನ್ನು ಬಿಡಬೇಕಾದರೆ ಮಳೆಯಲ್ಲೇ ಬೆಳೆಯುವ ರಾಗಿಗೆ ಕೈಗೆ ಹತ್ತುವ ಬೆಲೆ ಸಿಗಬೇಕು. ಅದರ ಬಗ್ಗೆ ಇನ್ನೊಂದು ಪತ್ರ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.

ಸಂಪಾದಕ