ಕೀನ್ಯಾದ ಮುಕೊಂಬೆರೊ ಬೇರು ತಿಂದರೆ ಗಂಡಸರ ಶಕ್ತಿ ಹೆಚ್ಚುತ್ತಾ?
ಹೆಚ್ಚುತ್ತದೆ ಅಂತ ಧೈರ್ಯವಾಗಿ ಹೇಳುವಷ್ಟು ಪುರಾವೆ ಇಲ್ಲ. ಪಶ್ಚಿಮ ಕೀನ್ಯಾದ ಲುಹ್ಯಾ ಜನ ಈ ಬೇರನ್ನು ಹಿಂದಿನಿಂದಲೂ ಅಗಿಯುತ್ತಾರೆ. ಮೊದಲು ಕಹಿ, ಆಮೇಲೆ ಸಿಹಿ, ಬಾಯಿ ತುಂಬಾ ಘಮ. ನಾವು ಉಪ್ಪಿನಕಾಯಿ ಹಾಕುವ ಮಾಗಳಿ ಬೇರಿನ ಪರಿಮಳಕ್ಕೆ ಕಾರಣವಾದ ಅಂಶವೇ ಇದರಲ್ಲೂ ಇದೆ! ಹಸಿವಾಗಲಿ ಅಂತಲೂ ತಿನ್ನುತ್ತಾರೆ. ಕಾಮಶಕ್ತಿಯ ಬಗ್ಗೆ ನಡೆದ ಪರೀಕ್ಷೆಗಳು ಜಾಸ್ತಿ ಇಲಿಗಳ ಮೇಲೆ.

ಇದರ ಜೊತೆ ಮಾರುವ ಯೊಹಿಂಬೆ ಬೇರೆಯೇ. ಅದು ಕ್ಯಾಮರೂನ್, ಗ್ಯಾಬೊನ್ ಕಡೆಯ ಮರದ ತೊಗಟೆ. ಅದರಲ್ಲಿರುವ ಯೊಹಿಂಬಿನ್ ಬಿಪಿ ಏರಿಸಬಹುದು, ಎದೆ ಡವಡವ ಅನ್ನಿಸಬಹುದು, ಗಾಬರಿ ಹುಟ್ಟಿಸಬಹುದು. ಮೊದಲೇ ಆತಂಕದಲ್ಲಿರುವವರು ಅದನ್ನು ಮುಟ್ಟಲೇಬಾರದು. ‘ಗಿಡಮೂಲಿಕೆ’ ಅಂತ ಮಾರಿದ ಎಷ್ಟೋ ಮಾತ್ರೆಗಳಲ್ಲಿ ವಯಾಗ್ರಾದ ಸಿಲ್ಡೆನಾಫಿಲ್ ಬೆರೆಸಿದ್ದು ಸಿಕ್ಕಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರಿಗೆ ಅದು ಪ್ರಾಣಕ್ಕೇ ಅಪಾಯ.

‘ನಾನು ಗಂಡಸೇ ಅಲ್ಲ ಅನ್ನಿಸುತ್ತಿದೆ’ ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ. ಓದಿ ಸಂಕಟವಾಯಿತು. ನಿಮಿರುವಿಕೆಯ ತೊಂದರೆ ಗಂಡಸ್ತನದ ಅಳತೆ ಅಲ್ಲ. ಬರೀ ಭಯಕ್ಕೂ ಹೀಗಾಗುತ್ತದೆ. ಕೆಲವೊಮ್ಮೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಮೊದಲ ಸುಳಿವು ಇದೇ. ಈ ವಾರವೇ ಡಾಕ್ಟರ ಹತ್ತಿರ ಹೋಗಿ ಶುಗರ್, ಬಿಪಿ ನೋಡಿಸಿ.