ನ್ಯಾನೊ ಕಣವೇರಿ ಶ್ವಾಸಕೋಶಕ್ಕೆ ಹೋಗುವ ಔಷಧ

ಪ್ರಶ್ನೆ: ನಮ್ಮ ತಂದೆಯವರು ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವರು. ಹೊಗೆಯಿಂದ ಶ್ವಾಸನಾಳಗಳಲ್ಲಿ ಉರಿಯೂತ ನೆಲೆಯೂರಿದೆಯೆಂದು ವೈದ್ಯರು ಸ್ಟೀರಾಯ್ಡ್ ಇರುವ ಇನ್‌ಹೇಲರ್ ಕೊಟ್ಟಿದ್ದಾರೆ. ದಮ್ಮು ಹೆಚ್ಚಾದಾಗ ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ರಕ್ತದ ಸಕ್ಕರೆ ಏರುತ್ತದೆ. ನ್ಯಾನೊ ಕಣಗಳಲ್ಲಿ ಔಷಧ ತುಂಬಿ ಶ್ವಾಸಕೋಶಕ್ಕೇ ಕಳುಹಿಸುವ ಚಿಕಿತ್ಸೆಯ ಬಗ್ಗೆ ಓದಿದೆ. ಅದು ಸಿಗುವುದಾದರೆ ಇನ್‌ಹೇಲರ್ ನಿಲ್ಲಿಸಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಇನ್‌ಹೇಲರ್ ನಿಲ್ಲಿಸಬೇಡಿ. ನೀವು ಓದಿದ ಸಂಶೋಧನೆ ನಿಜವಾದದ್ದೇ, ಆದರೆ ನಿಮ್ಮ ತಂದೆಯವರಂಥವರ ಉರಿಯೂತಕ್ಕೆ ಅದು ಇನ್ನೂ ದಿನಬಳಕೆಯ ಔಷಧವಾಗಿಲ್ಲ.

ಮಾತ್ರೆಯು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಇಡೀ ದೇಹವನ್ನು ಸುತ್ತುವುದರಿಂದಲೇ ಸಕ್ಕರೆ ಏರುತ್ತದೆ, ದೀರ್ಘಕಾಲ ನುಂಗಿದರೆ ಮೂಳೆಯೂ ಸವೆಯುತ್ತದೆ. ಔಷಧವನ್ನು ಬೇಕಾದ ಜಾಗಕ್ಕಷ್ಟೇ ಒಯ್ದು ನಿಧಾನವಾಗಿ ಬಿಡುವ ವಾಹಕಗಳನ್ನು ವಿಜ್ಞಾನಿಗಳು ಹುಡುಕುತ್ತಿರುವುದು ಇದಕ್ಕಾಗಿಯೇ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಈ ವಾಹಕಗಳಲ್ಲಿ ಅನೇಕವು ಸುಮಾರು 100 ನ್ಯಾನೊಮೀಟರ್ ಗಾತ್ರದವು. ಕೊಬ್ಬಿನ ಪೊರೆಯಿಂದಾದ ಪುಟ್ಟ ಚೀಲವಾದ ಲೈಪೊಸೋಮ್ ಇವುಗಳಲ್ಲಿ ಹಳೆಯದು.

ಇಲ್ಲೊಂದು ತೊಡಕಿದೆ, ನನಗೆ ಈ ವಿಷಯದಲ್ಲಿ ಬಹಳ ಕುತೂಹಲ ಹುಟ್ಟಿಸಿದ್ದೂ ಅದೇ. ಉಸಿರಿನೊಂದಿಗೆ ಒಳಹೋಗುವ ಕಣ ಶ್ವಾಸಕೋಶದ ಆಳದಲ್ಲಿ ನಿಲ್ಲಬೇಕಾದರೆ ಅದು ಸುಮಾರು 1ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಸಾವಿರ ನ್ಯಾನೊಮೀಟರ್) ಇರಬೇಕು. ಅದಕ್ಕಿಂತ ದೊಡ್ಡದು ಗಂಟಲಿಗೆ ಬಡಿದು ಉಳಿಯುತ್ತದೆ, ಅರ್ಧ ಮೈಕ್ರಾನಿನ ಆಸುಪಾಸಿನದು ಬಹುಪಾಲು ಉಸಿರಿನೊಂದಿಗೇ ಹೊರಬರುತ್ತದೆ. ಆದ್ದರಿಂದ ನ್ಯಾನೊ ವಾಹಕಗಳನ್ನು ನೆಬ್ಯುಲೈಜರಿನ (ದ್ರವ ಔಷಧವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹನಿಗಳಲ್ಲಿ ತೇಲಿಸಿ, ಇಲ್ಲವೇ ಒಳಗೆ ಕರಗಿ ಬಿಡಿಬಿಡಿಯಾಗುವ ಪುಡಿಯಾಗಿ ಕಟ್ಟಿ ಕಳುಹಿಸಬೇಕಾಗುತ್ತದೆ. ಒಳಗೆ ಕಫವು ಅವುಗಳನ್ನು ಹಿಡಿದಿಡುತ್ತದೆ, ಕಸ ತಿನ್ನುವ ರಕ್ಷಕ ಕೋಶಗಳು ನುಂಗಿಬಿಡುತ್ತವೆ. ಉರಿಯೂತವನ್ನು ಕೆರಳಿಸುವುದರಲ್ಲಿ ಆ ಕೋಶಗಳಿಗೂ ಪಾಲಿರುವುದರಿಂದ, ಔಷಧ ಅವುಗಳ ಹೊಟ್ಟೆ ಸೇರುವುದನ್ನೇ ಅನುಕೂಲ ಮಾಡಿಕೊಳ್ಳಲು ಸಂಶೋಧಕರು ಯತ್ನಿಸುತ್ತಿದ್ದಾರೆ.

ಅಮಿಕಾಸಿನ್ ಎಂಬ ಪ್ರತಿಜೀವಕವನ್ನು ಲೈಪೊಸೋಮಿನಲ್ಲಿಟ್ಟು ಉಸಿರಿನ ಮೂಲಕ ಕೊಡುವ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಆದರೆ ಅದು ಕ್ಷಯರೋಗಾಣುವಿನ ಬಳಗಕ್ಕೆ ಸೇರಿದ ಬೇರೊಂದು ಸೂಕ್ಷ್ಮಾಣುವಿನ ಸೋಂಕಿಗೆ ಮಾತ್ರ. ಉರಿಯೂತ ತಗ್ಗಿಸುವ ನ್ಯಾನೊ ಔಷಧಗಳಲ್ಲಿ ಹೆಚ್ಚಿನವು ಪ್ರಯೋಗಾಲಯದಲ್ಲೂ ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲೂ ಇವೆ. ವರ್ಷಗಟ್ಟಲೆ ಎಳೆದುಕೊಳ್ಳುವ ವಾಹಕ ಒಳಗೇ ಕೂಡಿಕೊಂಡು ಹೊಸ ಉರಿಯೂತ ತರಬಾರದಲ್ಲ, ಆ ಪರೀಕ್ಷೆಗೆ ಅವಸರ ಸಲ್ಲದು.

ಸದ್ಯಕ್ಕೆ ತಂದೆಯವರು ಇನ್‌ಹೇಲರ್ ಎಳೆದುಕೊಳ್ಳುವ ರೀತಿಯನ್ನು ವೈದ್ಯರ ಎದುರೇ ಒಮ್ಮೆ ತೋರಿಸಲಿ. ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಪ್ರತಿ ಸಲವೂ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಲಿ. ಮಾತ್ರೆ ನುಂಗುವ ದಿನಗಳಲ್ಲಿ ಸಕ್ಕರೆ ಪರೀಕ್ಷಿಸಿ ವೈದ್ಯರಿಗೆ ತಿಳಿಸಿ. ಅವರು ಈಗಲೂ ಭಟ್ಟಿಗೆ ಹೋಗುತ್ತಿದ್ದರೆ, ಒಲೆಯ ಮುಂದಿನ ಕೆಲಸ ಬಿಡಿಸಿ.